ಹೋಮ್‌ವರ್ಕ್ ಲೆಕ್ಕಕ್ಕೆ ಯಾವ ದಾರಿ? ಮೊದಲು ಅಂಕಿ ನೋಡಿ, ಆಮೇಲೆ ಪೆನ್ನು ಎತ್ಕೊಳ್ಳಿ

ಮಗಳು ಹತ್ತನೇ ಕ್ಲಾಸು, ಮಗ ಆರನೇದು, ಸಂಜೆ ಆದ್ರೆ ಇಬ್ಬರ ಮಧ್ಯೆ ನಾನು. ಹೋದ ವಾರ ಮಗಳು ನೋಟ್‌ಬುಕ್ ತಂದು ಮುಂದಿಟ್ಟು, "ಅಮ್ಮ, ತಾಳೆ ನೋಡ್ದೆ, ಸರಿಯಾಗೇ ಇದೆ, ಆದ್ರೆ ಪುಸ್ತಕದ ಹಿಂದೆ ಬೇರೆ ಉತ್ತರ ಇದೆ, ಅವರದ್ದೇ ಪ್ರಿಂಟ್ ತಪ್ಪಾಗಿರ್ಬೇಕು" ಅಂದ್ಲು. ಲೆಕ್ಕ ಇದು:

7ಯಾ + 3ಕಾ = 27
5ಯಾ − 3ಕಾ = 9

ಎಕ್ಸ್ ವೈ ಬದಲು ಯಾ ಕಾ ಅಂತ ಯಾಕೆ ಬರೆದೆ ಅಂದ್ರೆ, ಒಂದು, ಕೀಬೋರ್ಡ್ ಬದಲಾಯಿಸ್ತಾ ಕೂರೋಕೆ ಬೇಜಾರು, ಎರಡು, ಭಾಸ್ಕರಾಚಾರ್ಯರು 12ನೇ ಶತಮಾನದಲ್ಲೇ ಗೊತ್ತಿಲ್ಲದ ಸಂಖ್ಯೆಗೆ ಹೀಗೇ ಬರೀತಿದ್ರು, ಮೊದಲನೇದಕ್ಕೆ ಯಾವತ್ತಾವತ್ ಅನ್ನೋದರ ಯಾ, ಎರಡನೇದಕ್ಕೆ ಕಾಳಕ ಅನ್ನೋದರ ಕಾ. ನೀವು ಎಕ್ಸ್ ವೈ ಅಂತಲೇ ಓದ್ಕೊಳ್ಳಿ.

ಮಗಳು ಹಿಡಿದಿದ್ದು ಆದೇಶ ವಿಧಾನ, ಅದೇ ಸಬ್‌ಸ್ಟಿಟ್ಯೂಷನ್. ಮೊದಲನೇ ಸಮೀಕರಣದಿಂದ ಯಾ = (27 − 3ಕಾ)/7 ಅಂತ ತೆಗೆದು ಎರಡನೇದರಲ್ಲಿ ಹಾಕಿ, ಎಲ್ಲದಕ್ಕೂ 7ರಿಂದ ಗುಣಿಸೋವಾಗ −21ಕಾ ಬರೋ ಕಡೆ +21ಕಾ ಬರೆದುಬಿಟ್ಟಿದ್ಲು. ಅಲ್ಲಿಂದ 6ಕಾ = −72, ಕಾ = −12, ಯಾ = 9. ತಾಳೆ ನೋಡಿದ್ದು ಮೊದಲನೇ ಸಮೀಕರಣದಲ್ಲಿ: 63 − 36 = 27, ಸರಿ ಹೋಯ್ತು! ಹೋಗದೇ ಏನ್ಮಾಡತ್ತೆ, ಯಾ ತೆಗೆದಿದ್ದೇ ಅದರಿಂದ ತಾನೆ, ಕಾ ಎಷ್ಟೇ ತಪ್ಪಾಗಿದ್ರೂ ಅದು ಸರಿ ಅಂತಲೇ ಹೇಳತ್ತೆ. ಎರಡನೇದರಲ್ಲಿ ಹಾಕಿದ್ರೆ 45 + 36 = 81, ಬೇಕಾಗಿದ್ದು 9. ಅಲ್ಲಿಗೆ ಪ್ರಿಂಟ್ ತಪ್ಪಿನ ವಾದ ಮುಗೀತು.

ಅದೇ ಲೆಕ್ಕನ ಸುಮ್ನೆ ಮೇಲೆ ಕೆಳಗೆ ಕೂಡಿಸಿದ್ರೆ +3ಕಾ, −3ಕಾ ಹೊಡೆದುಹೋಗಿ 12ಯಾ = 36, ಯಾ = 3, ಕಾ = 2. ಭಿನ್ನರಾಶಿನೇ ಇಲ್ಲ. ಮತ್ತೆ ಆದೇಶ ವಿಧಾನ ಯಾಕೆ ಹಿಡಿದೆ ಅಂತ ಕೇಳಿದ್ರೆ, "ಮೇಲಿನ ನಾಲ್ಕು ಲೆಕ್ಕನೂ ಹಾಗೇ ಮಾಡಿದ್ದು, ಇದನ್ನೂ ಹಾಗೇ ಮಾಡ್ದೆ."

ನನ್ನ ತಕರಾರು ಇಷ್ಟೇ. ವಿಧಾನಗಳೆಲ್ಲ ಮಕ್ಕಳಿಗೆ ಬರತ್ತೆ, ಯಾವ ಲೆಕ್ಕಕ್ಕೆ ಯಾವುದು ಅಂತ ಆರಿಸೋದು ಬರಲ್ಲ, ಯಾಕಂದ್ರೆ ಆರಿಸೋ ಕೆಲಸನ ಪಾಠದ ಹೆಡ್ಡಿಂಗೇ ಮಾಡಿಬಿಟ್ಟಿರತ್ತೆ. ಹಾಗಾಗಿ ಒಂದೇ ಲೆಕ್ಕಕ್ಕೆ ಎರಡು ಮೂರು ದಾರಿ ಇರೋ ಕಡೆ ಯಾವುದನ್ನ ಯಾವಾಗ ಹಿಡೀಬೇಕು, ನಾನು ಹೇಗೆ ಡಿಸೈಡ್ ಮಾಡ್ತೀನಿ ಅಂತ ಬರೀತಾ ಇದೀನಿ. ಮೊದಲೇ ಒಂದು ಮಾತು, ಪ್ರಶ್ನೆಯಲ್ಲಿ "ಈ ವಿಧಾನದಿಂದ ಬಿಡಿಸಿ" ಅಂತ ಬರೆದಿದ್ರೆ ಬಾಯಿ ಮುಚ್ಕೊಂಡು ಅದನ್ನೇ ಮಾಡಿ, ಇಲ್ಲಾಂದ್ರೆ ಉತ್ತರ ಸರಿ ಇದ್ರೂ ಮಾರ್ಕ್ಸ್ ಹೋಗತ್ತೆ.

ಎರಡು ಸಮೀಕರಣ, ಎರಡು ಅಜ್ಞಾತ

ಆದೇಶ ವಿಧಾನ ಚೆನ್ನಾಗಿ ಕೆಲಸ ಮಾಡೋದು ಯಾವುದಾದ್ರೂ ಒಂದು ಅಕ್ಷರ ಒಂಟಿಯಾಗಿ, ಹಿಂದೆ ಯಾವ ಸಂಖ್ಯೆನೂ ಇಲ್ಲದೆ ನಿಂತಿದ್ದಾಗ. ಕಾ = 2ಯಾ − 5, ಜೊತೆಗೆ 3ಯಾ + 4ಕಾ = 13 ಅಂತ ಕೊಟ್ರೆ ಯೋಚನೆನೇ ಬೇಡ, ಹಾಕಿಬಿಡಿ, 11ಯಾ = 33, ಯಾ 3, ಕಾ 1. ಒಂಟಿ ಅಕ್ಷರ ಇಲ್ಲ ಅಂದ್ರೆ ಭಾಗಿಸ್ಬೇಕಾಗತ್ತೆ, ಭಾಗಿಸಿದ್ರೆ ಭಿನ್ನರಾಶಿ, ಭಿನ್ನರಾಶಿ ಬಂದ್ಮೇಲೆ ಮೈನಸ್ ಕಳೆದುಹೋಗೋದು ಗ್ಯಾರಂಟಿ.

ವರ್ಜಿಸುವ ವಿಧಾನ, ಅದೇ ಎಲಿಮಿನೇಷನ್, ಉಳಿದ ಹೆಚ್ಚುಕಮ್ಮಿ ಎಲ್ಲಾ ಲೆಕ್ಕಕ್ಕೂ ನನ್ನ ಫಸ್ಟ್ ಚಾಯ್ಸ್. ಅಲ್ಲೂ ಒಂದು ಗುಂಡಿ ಇದೆ. ಕೂಡಿಸೋದರಲ್ಲಿ ಯಾರೂ ತಪ್ಪಲ್ಲ, ಕಳೆಯೋದರಲ್ಲಿ ಎಲ್ಲರೂ ತಪ್ಪುತ್ತಾರೆ, 4ಕಾದಿಂದ −3ಕಾ ಕಳೆದ್ರೆ 7ಕಾ ಬರ್ಬೇಕು, ನೋಟ್‌ಬುಕ್ಕಲ್ಲಿ ಮಾತ್ರ 1ಕಾ ಅಂತಲೇ ಇರತ್ತೆ. ಅದಕ್ಕೆ ನಾನು ಮನೆಯಲ್ಲಿ ಕಳೆಯೋದನ್ನೇ ಬ್ಯಾನ್ ಮಾಡಿದೀನಿ. ಕೆಳಗಿನ ಸಮೀಕರಣದ ಪ್ರತಿಯೊಂದು ಚಿಹ್ನೆನೂ ಬದಲಾಯಿಸಿ ಹೊಸ ಸಾಲಲ್ಲಿ ಬರ್ಕೋ, ಆಮೇಲೆ ಕೂಡು. ಒಂದು ಸಾಲು ಜಾಸ್ತಿ ಆಗತ್ತೆ, ಆಗ್ಲಿ ಬಿಡಿ.

ಕೆಲವು ಲೆಕ್ಕ ಎರಡೂ ವಿಧಾನಕ್ಕೆ ಬಗ್ಗಲ್ಲ ಅನ್ನಿಸತ್ತೆ, ಉದಾಹರಣೆಗೆ 37ಯಾ + 43ಕಾ = 123, 43ಯಾ + 37ಕಾ = 117. ಇದನ್ನ ನೋಡಿ ನೇರವಾಗಿ 43ರಿಂದ ಒಂದನ್ನ, 37ರಿಂದ ಇನ್ನೊಂದನ್ನ ಗುಣಿಸೋಕೆ ಹೋದ್ರೆ ಸಾವಿರಗಳ ಲೆಕ್ಕದಲ್ಲಿ ಮುಳುಗಿ ಹೋಗ್ತೀರಿ. ಆದ್ರೆ ಒಂದು ಕ್ಷಣ ಸುಮ್ನೆ ದಿಟ್ಟಿಸಿ ನೋಡಿ, 37 ಮತ್ತು 43 ಜಾಗ ಅದಲು ಬದಲು ಮಾಡ್ಕೊಂಡಿವೆ ಅಷ್ಟೇ. ಎರಡನ್ನೂ ಕೂಡಿದ್ರೆ 80ಯಾ + 80ಕಾ = 240, ಅಂದ್ರೆ ಯಾ + ಕಾ = 3. ಎರಡನೇದರಿಂದ ಮೊದಲನೇದು ಕಳೆದ್ರೆ 6ಯಾ − 6ಕಾ = −6, ಅಂದ್ರೆ ಯಾ − ಕಾ = −1. ಯಾ 1, ಕಾ 2, ಮುಗೀತು. (ಹೌದು, ಕಳೆದೆ. ಬ್ಯಾನ್ ಮಕ್ಕಳಿಗೆ ಮಾತ್ರ.)

ಓರೆ ಗುಣಾಕಾರ ವಿಧಾನದ (ಸಂಖ್ಯೆಗಳನ್ನ ಸಾಲಾಗಿ ಬರೆದು ಬಾಣ ಹಾಕಿ ಅಡ್ಡಡ್ಡ ಗುಣಿಸೋದು) ಬಗ್ಗೆ ನನಗೆ ಅಂಥ ಪ್ರೀತಿ ಇಲ್ಲ. ಬಾಣದ ಗುರುತೆಲ್ಲ ನೆನಪಿದ್ರೆ ಫಾಸ್ಟು, ಒಂದು ಬಾಣ ಮರೆತ್ರೆ ಪೂರ್ತಿ ಹೋಯ್ತು, ಮತ್ತೆ ಎಲ್ಲಿ ತಪ್ಪಿದ್ದು ಅಂತ ಹುಡುಕೋಕೂ ಆಗಲ್ಲ, ಯಾಕಂದ್ರೆ ನಡುವಿನ ಸಾಲುಗಳಿಗೆ ಅರ್ಥನೇ ಇರಲ್ಲ. ಕೇಳಿದ್ರೆ ಮಾತ್ರ ಮಾಡಿ.

ನಕ್ಷೆ ವಿಧಾನ ಉತ್ತರ ತೆಗೆಯೋಕಿಂತ ಏನು ನಡೀತಿದೆ ಅಂತ ಕಾಣೋಕೆ ಒಳ್ಳೇದು. ಉತ್ತರ 2, 3 ಥರ ಪೂರ್ಣಾಂಕ ಆದ್ರೆ ಗೆರೆ ಕೂಡೋ ಜಾಗ ಓದಬಹುದು, 17/7 ಅಂದ್ರೆ ಪೆನ್ಸಿಲ್ ಎಷ್ಟು ಚೂಪಿದ್ರೂ ಆಗಲ್ಲ. ಆದ್ರೆ 2ಯಾ + 3ಕಾ = 7, 4ಯಾ + 6ಕಾ = 10 ಅಂತ ಬಂದಾಗ ಎಲಿಮಿನೇಷನ್ ಮಾಡಿದ ಮಗುಗೆ 0 = 4 ಅಂತ ಬಂದು ತಲೆ ಕೆಡತ್ತೆ, ಎಲ್ಲೋ ತಪ್ಪಿದೀನಿ ಅಂತ ಅಳಿಸಿ ಮತ್ತೆ ಮಾಡತ್ತೆ, ಮತ್ತೆ 0 = 4. ಎರಡು ಗೆರೆ ಎಳೆದು ತೋರಿಸಿ, ರೈಲು ಹಳಿ ಥರ ಪಕ್ಕಪಕ್ಕ ಹೋಗ್ತಾವೆ, ಸೇರೋದೇ ಇಲ್ಲ, ಹಾಗಾಗಿ ಉತ್ತರನೂ ಇಲ್ಲ. ಅಲ್ಲಿ 0 = 4 ಅನ್ನೋದೇ ಸರಿಯಾದ ಕೊನೇ ಸಾಲು.

ವರ್ಗ ಸಮೀಕರಣ: ಇಲ್ಲಿ ಜಗಳ ಜಾಸ್ತಿ

ಶಾಲೆಯಲ್ಲಿ ಮೂರು ದಾರಿ ಹೇಳ್ಕೊಡ್ತಾರೆ, ಅಪವರ್ತನ, ವರ್ಗ ಪೂರ್ಣಗೊಳಿಸೋದು, ಸೂತ್ರ. ಮಕ್ಕಳು ಮೊದಲನೇದರ ಜೊತೆ ಹತ್ತು ನಿಮಿಷ ಗುದ್ದಾಡಿ ಸೋತು ಕೊನೇಗೆ ಸೂತ್ರಕ್ಕೆ ಬರ್ತಾರೆ.

ಯಾ² − 7ಯಾ + 12 = 0 ಥರದ್ದಕ್ಕೆ ಅಪವರ್ತನನೇ, ಗುಣಿಸಿದ್ರೆ 12, ಕೂಡಿದ್ರೆ 7, ಅಂದ್ರೆ 3 ಮತ್ತು 4, ಇದಕ್ಕೆ ಸೂತ್ರ ಹಾಕೋದು ಪಕ್ಕದ ಮನೆಗೆ ಬಸ್ಸು ಹಿಡಿದ ಹಾಗೆ. ಆದ್ರೆ 6ಯಾ² − ಯಾ − 35 = 0 ನೋಡಿ. ಮಧ್ಯದ ಪದ ಒಡೀಬೇಕು ಅಂದ್ರೆ ಗುಣಿಸಿದ್ರೆ −210, ಕೂಡಿದ್ರೆ −1 ಬರೋ ಜೋಡಿ ಹುಡುಕ್ಬೇಕು. 210ಕ್ಕೆ ಅಪವರ್ತನ ತುಂಬ ಇದಾವೆ, 5 ಮತ್ತು 42, 6 ಮತ್ತು 35, 7 ಮತ್ತು 30, 10 ಮತ್ತು 21, ಹೀಗೆ ಹೋಗ್ತಾ ಹೋಗ್ತಾ 14 ಮತ್ತು 15 ಸಿಗತ್ತೆ, ಆಮೇಲೆ ಯಾವುದಕ್ಕೆ ಮೈನಸ್ ಅನ್ನೋ ಗೊಂದಲ ಬೇರೆ.

ನನ್ನ ಪದ್ಧತಿ ಏನಂದ್ರೆ ಹುಡುಕೋಕೆ ಮುಂಚೆ ಶೋಧಕ ಲೆಕ್ಕ ಹಾಕೋದು, ಅದೇ ಬಿ ಸ್ಕ್ವೇರ್ ಮೈನಸ್ ಫೋರ್ ಎ ಸಿ (ಎ ಅಂದ್ರೆ ಯಾ² ಹಿಂದಿನ ಸಂಖ್ಯೆ, ಬಿ ಯಾ ಹಿಂದಿನದು, ಸಿ ಕೊನೇ ಸಂಖ್ಯೆ). ಇಲ್ಲಿ 1 + 840 = 841, ಅದು 29ರ ವರ್ಗ. ಶೋಧಕ ಪೂರ್ಣವರ್ಗ ಆದ್ರೆ ಅಪವರ್ತನ ಇದ್ದೇ ಇದೆ ಅಂತ ಅರ್ಥ, ಬೇಕಾದ್ರೆ ಹುಡುಕಿ, ಇಲ್ಲಾಂದ್ರೆ ಅರ್ಧ ಸೂತ್ರ ಆಗ್ಲೇ ಮುಗಿದಿದೆ, (1 + 29)/12 ಅಂದ್ರೆ 5/2, (1 − 29)/12 ಅಂದ್ರೆ −7/3. ಪೂರ್ಣವರ್ಗ ಅಲ್ಲ ಅಂದ್ರೆ, ಉದಾಹರಣೆಗೆ ಯಾ² − 4ಯಾ + 1 = 0ಗೆ 12 ಬರತ್ತೆ, ರಾತ್ರಿ ಪೂರ್ತಿ ಕೂತ್ರೂ ಪೂರ್ಣಾಂಕದ ಜೋಡಿ ಸಿಗಲ್ಲ, ಸಿಗೋದು ಶಕ್ಯನೇ ಇಲ್ಲ. ಋಣ ಬಂದ್ರೆ ವಾಸ್ತವ ಮೂಲಗಳೇ ಇಲ್ಲ, ಒಂದು ವಾಕ್ಯ ಬರೆದು ಮುಂದಿನ ಲೆಕ್ಕಕ್ಕೆ ಹೋಗಿ. ಈ ಒಂದು ನಿಮಿಷದ ಕೆಲಸ ಮಾಡದೇ ಇರೋದರಿಂದಾನೇ ನಮ್ಮನೇಲಿ ಎಷ್ಟೋ ರಬ್ಬರ್ ಸವೆದಿದೆ.

ವರ್ಗ ಪೂರ್ಣಗೊಳಿಸೋದನ್ನ ಮಕ್ಕಳು ದ್ವೇಷ ಮಾಡೋದು ಭಿನ್ನರಾಶಿಗೆ. 3ಯಾ² + 5ಯಾ − 2 = 0 ತಗೊಳ್ಳಿ, ಪಠ್ಯದ ಪ್ರಕಾರ 3ರಿಂದ ಭಾಗಿಸಿ, 5/3ರ ಅರ್ಧ 5/6, ಅದರ ವರ್ಗ 25/36 ಎರಡೂ ಕಡೆ ಕೂಡಿಸಿ… ಇದಕ್ಕೆ ಶ್ರೀಧರಾಚಾರ್ಯರದ್ದು ಒಂದು ಹಳೇ ಉಪಾಯ ಇದೆ, ಭಾಸ್ಕರಾಚಾರ್ಯರೇ ಅವರ ಹೆಸರು ಹೇಳಿ ಕೊಟ್ಟಿರೋದು. ಭಾಗಿಸ್ಬೇಡಿ, ಉಲ್ಟಾ, ಮೊದಲ ಸಂಖ್ಯೆಯ ನಾಲ್ಕರಷ್ಟರಿಂದ ಗುಣಿಸಿ. ಇಲ್ಲಿ 12ರಿಂದ ಗುಣಿಸಿದ್ರೆ 36ಯಾ² + 60ಯಾ = 24. ಮಧ್ಯದ ಸಂಖ್ಯೆ 5 ಇತ್ತಲ್ಲ, ಅದರ ವರ್ಗ 25 ಎರಡೂ ಕಡೆ ಕೂಡಿ, ಎಡಗಡೆ ತಾನಾಗೇ (6ಯಾ + 5)² ಆಗತ್ತೆ, ಬಲಗಡೆ 49. ಹಾಗಾಗಿ 6ಯಾ + 5 ಅಂದ್ರೆ +7 ಅಥವಾ −7, ಯಾ = 1/3 ಅಥವಾ −2. ಕೊನೇ ಸಾಲಿನ ತನಕ ಒಂದೂ ಭಿನ್ನರಾಶಿ ಇಲ್ಲ ನೋಡಿ! ಮಗಳಿಗೆ ಇದನ್ನ ತೋರಿಸಿದಾಗ ಸೂತ್ರ ಎಲ್ಲಿಂದ ಬಂತು ಅಂತಾನೂ ಅವಳಿಗೇ ಹೊಳೀತು, ಸಂಖ್ಯೆಗಳ ಜಾಗದಲ್ಲಿ ಎ, ಬಿ, ಸಿ ಇಟ್ಟು ಇದನ್ನೇ ಮಾಡಿದ್ರೆ ಸಿಗೋದೇ ಆ ಸೂತ್ರ.

ನಾಲ್ಕನೇ ದಾರಿ ಒಂದಿದೆ, ಯಾ² ಹಿಂದೆ ಸಂಖ್ಯೆ ಇಲ್ಲದೆ ಇದ್ದು ಮಧ್ಯದ್ದು ಸಮಸಂಖ್ಯೆ ಆಗಿದ್ರೆ ಇದರಷ್ಟು ಸುಖ ಯಾವುದೂ ಇಲ್ಲ. ಅಮೆರಿಕದ ಗಣಿತ ಪ್ರೊಫೆಸರ್ ಪೊ-ಶೆನ್ ಲೋ 2019ರಲ್ಲಿ ಇದನ್ನ ವಿವರಿಸಿ ಹಂಚಿಕೊಂಡ ಮೇಲೆ ತುಂಬ ಓಡಾಡ್ತು, ಒಳಗಿನ ಐಡಿಯಾ ಮಾತ್ರ ಬಹಳ ಹಳೇದು. ಯಾ² − 34ಯಾ + 280 = 0. ಎರಡು ಮೂಲಗಳ ಮೊತ್ತ 34, ಅಂದ್ರೆ ಸರಾಸರಿ 17, ಅಂದ್ರೆ ಒಂದು ಮೂಲ 17ಕ್ಕಿಂತ ಎಷ್ಟು ಜಾಸ್ತಿನೋ ಇನ್ನೊಂದು ಅಷ್ಟೇ ಕಮ್ಮಿ. ಗುಣಲಬ್ಧ 280 ಆಗ್ಬೇಕು, 17ರ ವರ್ಗ 289, ವ್ಯತ್ಯಾಸ 9, ಅದರ ವರ್ಗಮೂಲ 3. ಮೂಲಗಳು 20 ಮತ್ತು 14. ಬಾಯಲ್ಲೇ ಆಗೋಗತ್ತೆ. ಪರೀಕ್ಷೆಯಲ್ಲಿ ಬರೀಬೇಕಾ ಅಂದ್ರೆ ಟೀಚರ್‌ನ ಕೇಳಿ, ನಾನಂತೂ ಇದರಲ್ಲಿ ಜೋಡಿ ಕಂಡುಹಿಡಿದು ಅಪವರ್ತನದ ಸ್ಟೆಪ್ ಬರಿ ಅಂತೀನಿ.

ಒಂದು ಎಚ್ಚರಿಕೆ. ಯಾ² = 5ಯಾ ಅಂತ ಬಂದ್ರೆ ಎರಡೂ ಕಡೆ ಯಾ ಹೊಡೆದು ಯಾ = 5 ಅಂತ ಬರೆದು ಕೈ ತೊಳ್ಕೊಳ್ಳೋದು ಎಲ್ಲಾ ಮಕ್ಕಳ ಅಭ್ಯಾಸ. 0 ಅನ್ನೋ ಇನ್ನೊಂದು ಉತ್ತರ ಅಲ್ಲೇ ಸತ್ತುಹೋಯ್ತು. ಎಲ್ಲಾ ಒಂದೇ ಕಡೆ ತಂದು ಯಾ(ಯಾ − 5) = 0 ಅಂತಲೇ ಮಾಡಿ.

ಚಿಕ್ಕವನ ಕಡೆ: ಮಸಾಅ, ಲಸಾಅ, ಭಿನ್ನರಾಶಿ

12 ಮತ್ತು 18ರ ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ, ಎರಡನ್ನೂ ಭಾಗಿಸೋ ಅತಿ ದೊಡ್ಡ ಸಂಖ್ಯೆ) ಕೇಳಿದ್ರೆ ಮಗ್ಗಿ ಬರೋ ಮಗು ನೋಡಿದ ತಕ್ಷಣ 6 ಅನ್ನತ್ತೆ, ಅದಕ್ಕೆ ವಿಧಾನ ಬೇಡ. 84, 126 ಥರದ್ದಕ್ಕೆ ಅವಿಭಾಜ್ಯ ಅಪವರ್ತನ ಒಳ್ಳೇದು, ಅದರಿಂದ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ, ಎರಡರಿಂದಲೂ ಭಾಗ ಹೋಗೋ ಅತಿ ಚಿಕ್ಕ ಸಂಖ್ಯೆ) ಕೂಡ ಪುಕ್ಕಟೆ ಸಿಗತ್ತೆ. ಆದ್ರೆ 1517 ಮತ್ತು 1147? 2ರಿಂದ ಹೋಗಲ್ಲ, 3ರಿಂದ ಹೋಗಲ್ಲ, 5, 7, 11, 13, 17, 19, 23, 29… ಮಗ ಇಲ್ಲಿಗೆ ಬರೋ ಹೊತ್ತಿಗೆ ಪೆನ್ಸಿಲ್ ಕೆಳಗಿಟ್ಟು ಎರಡೂ ಅವಿಭಾಜ್ಯ ಸಂಖ್ಯೆ ಅಂತ ಘೋಷಣೆ ಮಾಡಿದ್ದ. ಇಂಥ ಕಡೆ ಯೂಕ್ಲಿಡ್ ದಾರಿ, ಕ್ರಿ.ಪೂ. 300ರ ಸುಮಾರಿಂದು, ಇವತ್ತಿಗೂ ಇದರ ಮುಂದೆ ಅಪವರ್ತನದ ಆಟ ನಡೆಯಲ್ಲ. ದೊಡ್ಡದನ್ನ ಚಿಕ್ಕದರಿಂದ ಭಾಗಿಸಿ, ಶೇಷ ತಗೊಳ್ಳಿ, ಆಮೇಲೆ ಚಿಕ್ಕದನ್ನ ಆ ಶೇಷದಿಂದ ಭಾಗಿಸಿ, ಸೊನ್ನೆ ಬರೋ ತನಕ.

1517 = 1147 × 1 + 370
1147 = 370 × 3 + 37
370 = 37 × 10 + 0

ಮಸಾಅ 37. ಮೂರೇ ಸಾಲು, ಒಂದೂ ಅವಿಭಾಜ್ಯ ಸಂಖ್ಯೆ ಗೊತ್ತಿರ್ಬೇಕಾಗಿಲ್ಲ. ಲಸಾಅ ಬೇಕು ಅಂದ್ರೆ 1517ನ 37ರಿಂದ ಭಾಗಿಸಿ 41, ಅದನ್ನ 1147ರಿಂದ ಗುಣಿಸಿ 47027. ಎರಡು ಸಂಖ್ಯೆಗೆ ಮಾತ್ರ ಮಸಾಅ × ಲಸಾಅ = ಸಂಖ್ಯೆಗಳ ಗುಣಲಬ್ಧ, ಮೂರಕ್ಕೆ ಇದು ನಡೆಯಲ್ಲ, 2, 4, 8 ಹಾಕಿ ನೋಡಿ, ಗುಣಲಬ್ಧ 64, ಮಸಾಅ ಲಸಾಅ ಗುಣಿಸಿದ್ರೆ ಬರೀ 16.

ಭಿನ್ನರಾಶಿ ಕೂಡೋದರಲ್ಲಿ ಎರಡು ಪಕ್ಷ ಇದೆ, ಛೇದಗಳನ್ನ ಅಡ್ಡಡ್ಡ ಗುಣಿಸೋರು ಮತ್ತೆ ಲಸಾಅ ತೆಗೆಯೋರು. 3/4 + 2/5 ಆದ್ರೆ ಎರಡೂ ಒಂದೇ, 23/20. ಆದ್ರೆ 5/24 + 7/36ನ ಅಡ್ಡ ಗುಣಿಸಿದ್ರೆ 348/864 ಬಂದು ನಿಲ್ಲತ್ತೆ, ಅದನ್ನ ಸಂಕ್ಷೇಪಿಸೋದೇ ಇನ್ನೊಂದು ಹೋಮ್‌ವರ್ಕು. ಲಸಾಅ 72 ತಗೊಂಡ್ರೆ 15/72 + 14/72 = 29/72. ಛೇದಗಳಿಗೆ ಸಾಮಾನ್ಯ ಅಪವರ್ತನ ಇಲ್ಲದಿದ್ರೆ ಅಡ್ಡ ಗುಣಿಸಿ, ಇದ್ರೆ ಲಸಾಅ, ಅಷ್ಟೇ ನಿಯಮ. 9ನೇ ಶತಮಾನದ ಮಹಾವೀರಾಚಾರ್ಯರು ಇದೇ ಲಸಾಅಗೆ ನಿರುದ್ಧ ಅಂತ ಹೆಸರಿಟ್ಟು ಭಿನ್ನರಾಶಿ ಕೂಡೋಕೆ ಬಳಸಿದ್ರು, ಮಗನಿಗೆ ಈ ಪದ ಭಾರೀ ಇಷ್ಟ ಆಗಿ ಎರಡು ದಿನ ಎಲ್ಲದಕ್ಕೂ ನಿರುದ್ಧ ನಿರುದ್ಧ ಅಂತ ಓಡಾಡಿದ.

1000 − 387ಗೆ ಪಕ್ಕದ ಮನೆಯಿಂದ ಸಾಲ, ಅವರ ಹತ್ರ ಇಲ್ಲ, ಅವರ ಪಕ್ಕದ ಮನೆಯಿಂದ ಸಾಲ ಅಂತ ಸೊನ್ನೆಗಳ ಮೇಲೆ ಗೀಚಾಡೋ ಬದಲು 999 − 387 = 612, ಒಂದು ಕೂಡಿ 613. ಅಥವಾ 387ರಿಂದ 400ಕ್ಕೆ 13, ಅಲ್ಲಿಂದ ಸಾವಿರಕ್ಕೆ 600. ಮಧ್ಯೆ ಸೊನ್ನೆ ಇಲ್ಲದ ಮಾಮೂಲಿ ಸಂಖ್ಯೆಗೆ ಸಾಲದ ದಾರಿನೇ ಸರಿ.

ಪರ್ಸೆಂಟು, ಕೆಲಸ, ವಯಸ್ಸು

ಪರ್ಸೆಂಟಲ್ಲಿ ಎರಡು ದಾರಿ, "ಶೇಕಡ ಎಷ್ಟು ಅಂತ ತೆಗೆದು ಕೂಡು ಅಥವಾ ಕಳೆ" ಅನ್ನೋದು ಒಂದು, ನೇರವಾಗಿ ಗುಣಕ ಹಾಕೋದು ಇನ್ನೊಂದು (20% ಜಾಸ್ತಿ ಅಂದ್ರೆ 1.2ರಿಂದ ಗುಣಿಸು, 10% ಕಮ್ಮಿ ಅಂದ್ರೆ 0.9ರಿಂದ). ಒಂದೇ ಹೆಜ್ಜೆ ಲೆಕ್ಕಕ್ಕೆ ಯಾವುದಾದ್ರೂ ಆಗತ್ತೆ. ಹಿಂದಕ್ಕೆ ಹೋಗೋ ಲೆಕ್ಕ ಬಂದಾಗ ಮೊದಲನೇ ದಾರಿ ಕೈ ಕೊಡತ್ತೆ. ಒಂದು ಸಂಖ್ಯೆ 20% ಜಾಸ್ತಿಯಾಗಿ 540 ಆಯ್ತು, ಮೊದಲು ಎಷ್ಟಿತ್ತು? ಹತ್ತಕ್ಕೆ ಎಂಟು ಮಕ್ಕಳು 540ರ 20% 108, ಕಳೆದ್ರೆ 432 ಅಂತಾರೆ ಅಂತ ಬೆಟ್ ಕಟ್ತೀನಿ. 20% ಹಾಕಿದ್ದು ಹಳೇ ಸಂಖ್ಯೆ ಮೇಲೆ, ಹೊಸದರ ಮೇಲಲ್ಲ. ಗುಣಕದಲ್ಲಿ ಮಾಡಿದ್ರೆ ಏನೋ × 1.2 = 540, ಭಾಗಿಸಿ, 450. ಒಂದರ ಮೇಲೊಂದು ರಿಯಾಯಿತಿಗೂ ಇದೇ, 20% ಆಮೇಲೆ 10% ಅಂದ್ರೆ 0.8 × 0.9 = 0.72, ಅಂದ್ರೆ ಒಟ್ಟು 28%, 30 ಅಲ್ಲ.

ಒಬ್ಬ 12 ದಿನ, ಇನ್ನೊಬ್ಬ 18 ದಿನ, ಇಬ್ಬರೂ ಸೇರಿದ್ರೆ? 1/12 + 1/18 = 5/36, ತಲೆಕೆಳಗೆ ಮಾಡಿದ್ರೆ 36/5, ಅಂದ್ರೆ 7.2 ದಿನ. ದೊಡ್ಡವರಿಗೆ ಸರಿ, ಆರನೇ ಕ್ಲಾಸಿಗೆ ತಲೆಕೆಳಗೆ ಯಾಕೆ ಮಾಡ್ಬೇಕು ಅಂತ ಹೇಳೋದೇ ಕಷ್ಟ. ಬದಲಿಗೆ ಒಟ್ಟು ಕೆಲಸ 36 ಇಟ್ಟಿಗೆ ಅಂದ್ಕೋ (12, 18ರ ಲಸಾಅ), ಮೊದಲನೆಯವನು ದಿನಕ್ಕೆ 3 ಇಡ್ತಾನೆ, ಎರಡನೆಯವನು 2, ಸೇರಿ 5, 36 ಭಾಗಿಸು 5. ನನ್ನ ಓಟು ಇದಕ್ಕೇ, ಮಧ್ಯದಲ್ಲಿ ಒಬ್ಬ ಬಿಟ್ಟು ಹೋದ ಅನ್ನೋ ಲೆಕ್ಕದಲ್ಲಂತೂ ಇಟ್ಟಿಗೆ ಎಣಿಸೋದೇ ಸುಲಭ. "6 ಜನಕ್ಕೆ 15 ದಿನ, 10 ಜನಕ್ಕೆ?" ಥರದ್ದಕ್ಕೆ ಮಾತ್ರ ಬೇರೇನೂ ಬೇಡ, ಪೆನ್ನು ಮುಟ್ಟೋ ಮುಂಚೆ ಉತ್ತರ 15ಕ್ಕಿಂತ ಜಾಸ್ತಿನಾ ಕಮ್ಮಿನಾ ಅಂತ ಬಾಯಿಬಿಟ್ಟು ಹೇಳಿಸಿ. ಕಮ್ಮಿ ಅಂತ ಅವನೇ ಹೇಳಿದ್ಮೇಲೆ 25 ಅಂತ ಬರೆಯೋಕೆ ಅವನಿಗೇ ನಾಚಿಕೆ ಆಗತ್ತೆ. 90 ಆಳು-ದಿನ, ಭಾಗಿಸು 10, 9.

ವಯಸ್ಸಿನ ಲೆಕ್ಕಕ್ಕೆ ಸಮೀಕರಣನೋ ಚಿತ್ರನೋ? ಅಪ್ಪನ ವಯಸ್ಸು ಮಗನ ಮೂರು ಪಟ್ಟು, 12 ವರ್ಷ ಆದ್ಮೇಲೆ ಎರಡು ಪಟ್ಟು. ಹತ್ತನೇ ಕ್ಲಾಸಾದ್ರೆ 3ಯಾ + 12 = 2(ಯಾ + 12), ಯಾ = 12. ಬೀಜಗಣಿತ ಇನ್ನೂ ಬಾರದ ಮಗುಗೆ ಡಬ್ಬಿ ಬರೆಸಿ, ಸಿಂಗಾಪುರದ ಶಾಲೆಗಳಲ್ಲಿ 1980ರ ದಶಕದಿಂದ ಹೀಗೇ ಹೇಳಿಕೊಡೋದು. ಮಗ ಒಂದು ಡಬ್ಬಿ, ಅಪ್ಪ ಮೂರು, ವ್ಯತ್ಯಾಸ ಎರಡು ಡಬ್ಬಿ, ಈ ವ್ಯತ್ಯಾಸ ಯಾವತ್ತೂ ಬದಲಾಗಲ್ಲ. ಅಪ್ಪ ಎರಡು ಪಟ್ಟು ಆಗೋ ದಿನ ವ್ಯತ್ಯಾಸ ಮಗನ ಆಗಿನ ವಯಸ್ಸಿಗೇ ಸಮ, ಅಂದ್ರೆ ಆಗ ಮಗ ಎರಡು ಡಬ್ಬಿ. ಒಂದು ಡಬ್ಬಿಯಿಂದ ಎರಡಕ್ಕೆ ಹೋಗೋಕೆ 12 ವರ್ಷ ಹಿಡೀತು, ಹಾಗಾಗಿ ಒಂದು ಡಬ್ಬಿ 12. ನಿಜ ಹೇಳ್ಬೇಕಂದ್ರೆ ಸಮೀಕರಣಕ್ಕಿಂತ ಇದರಲ್ಲೇ ಲೆಕ್ಕ ಅರ್ಥ ಆಗೋದು.

ವರ್ಗೀಕೃತ ದತ್ತಾಂಶದ (0-10, 10-20 ಥರ ಗುಂಪು ಮಾಡಿ ಕೊಟ್ಟ ಅಂಕಿಗಳ) ಸರಾಸರಿಗೆ ನೇರ, ಅಂದಾಜು ಸರಾಸರಿ, ಹಂತ ವಿಚಲನೆ ಅಂತ ಮೂರು ವಿಧಾನ, ಗಾಬರಿ ಬೇಡ. ಮಧ್ಯಬಿಂದು 5, 15, 25 ಥರ ಚಿಕ್ಕದಾಗಿದ್ರೆ ನೇರ ವಿಧಾನ, 510, 530, 550 ಥರ ದೊಡ್ಡದಾಗಿ ಒಂದೇ ಅಂತರದಲ್ಲಿದ್ರೆ ಹಂತ ವಿಚಲನೆ (ಮಧ್ಯದ ಒಂದು ಸಂಖ್ಯೆ ಎಲ್ಲದರಿಂದ ಕಳೆದು, ಅಂತರದಿಂದ ಭಾಗಿಸಿ ಚಿಕ್ಕದು ಮಾಡ್ಕೊಳ್ಳೋದು), ಕೊನೇಲಿ ವರ್ಗಾಂತರದ ಗಾತ್ರದಿಂದ ವಾಪಸ್ ಗುಣಿಸೋದು ಮರೀಬೇಡಿ, ಎಲ್ಲರೂ ಮರೆಯೋದು ಅಲ್ಲೇ. ಉತ್ತರ ಮೂರರಲ್ಲೂ ಒಂದೇ.

ಸಿಕ್ಕಿಹಾಕ್ಕೊಂಡಾಗ ಯಾರನ್ನ ಕೇಳೋದು

ಇದೂ ಒಂದು ಆಯ್ಕೆನೇ. ಪುಸ್ತಕದ ಹಿಂದಿನ ಉತ್ತರ, ಗೈಡು, ಫೋಟೋ ತೆಗೆದ್ರೆ ಬಿಡಿಸಿಕೊಡೋ ಆ್ಯಪ್, ಮನೆಯಲ್ಲಿರೋ ದೊಡ್ಡವರು. ಬರೀ ಉತ್ತರ ತಾಳೆ ನೋಡೋಕೆ, ಆದ್ರೆ ಮೊದಲೇ ನೋಡ್ಬಿಟ್ರೆ ಮಕ್ಕಳು ಆ ಉತ್ತರ ಬರೋ ಹಾಗೆ ಸ್ಟೆಪ್ ತಿರುಚ್ತಾರೆ, ನನ್ನ ಮಗನ ಹತ್ರ ಇದರಲ್ಲಿ ಪಿಎಚ್‌ಡಿ ಇದೆ. ಆ್ಯಪ್ ಸ್ಟೆಪ್ ತೋರಿಸತ್ತೆ, ಆದ್ರೆ 37, 43ರ ಲೆಕ್ಕ ಕೊಟ್ರೆ ಮಾಮೂಲಿ ದಾರಿಯಲ್ಲೇ ಸಾವಿರಗಳ ಸಂಖ್ಯೆ ಗುಣಿಸಿ ಇಡತ್ತೆ, ಅದಕ್ಕೇನು ಕೈ ನೋಯತ್ತಾ? ಹೊಸ ಪಾಠದ ಮೊದಲ ದಿನ ಮಾತ್ರ ಬಿಡಿಸಿದ ಲೆಕ್ಕ ಓದೋದು ತಪ್ಪಲ್ಲ, ಒಳ್ಳೇದೇ. ಸ್ವೆಲ್ಲರ್, ಕೂಪರ್ ಅನ್ನೋ ಸಂಶೋಧಕರು 1985ರಲ್ಲಿ ಬೀಜಗಣಿತ ಕಲಿಯೋ ವಿದ್ಯಾರ್ಥಿಗಳ ಮೇಲೆ ನೋಡಿದಾಗ ಬಿಡಿಸಿದ ಉದಾಹರಣೆ ಓದಿದವರು ಆಮೇಲೆ ಅದೇ ಥರದ ಲೆಕ್ಕನ ಬೇಗ ಬಿಡಿಸಿದ್ರು. ಎರಡು ಓದು, ಪುಸ್ತಕ ಮುಚ್ಚು, ಮೂರನೇದು ನೀನೇ ಮಾಡು. ಮನೆಯವರನ್ನ ಕೇಳೋದಾದ್ರೆ, ಸ್ವಲ್ಪ ನಿಧಾನಕ್ಕೆ ಹೇಳಿಕೊಡೋರನ್ನ ಆರಿಸ್ಕೊಳ್ಳಿ, ನಮ್ಮನೇಲಿ ಅಪ್ಪ ಪೆನ್ನು ಕಿತ್ಕೊಂಡು ತಾವೇ ಮಾಡಿಬಿಡ್ತಾರೆ.

ಆರಿಸೋದನ್ನ ಕಲಿಸೋಕೆ ನಾನು ಮಾಡ್ತಿರೋದು ಇದು: ಭಾನುವಾರ ಬೇರೆಬೇರೆ ಪಾಠದ ಲೆಕ್ಕ ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕ್ತೀನಿ, ಒಂದೊಂದೇ ಎತ್ತಿ ಬರೀ ದಾರಿ ಮತ್ತೆ ಯಾಕೆ ಅಂತ ಹೇಳ್ಬೇಕು, ಬಿಡಿಸೋದೇನೂ ಬೇಡ, ಹತ್ತು ಚೀಟಿಗೆ ಕಾಲು ಗಂಟೆ ಸಾಕು. ರೋರರ್, ಟೇಲರ್ ಅಂತ ಇಬ್ಬರು 2007ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಘನಫಲದ ಲೆಕ್ಕಗಳನ್ನ ಒಂದು ಗುಂಪಿಗೆ ಸಾಲಾಗಿ, ಇನ್ನೊಂದಕ್ಕೆ ಕಲಸಿ ಕೊಟ್ಟಿದ್ರು. ಅಭ್ಯಾಸ ಮಾಡೋವಾಗ ಕಲಸಿದ ಗುಂಪು ಹಿಂದೆ, ಆದ್ರೆ ವಾರ ಬಿಟ್ಟು ಟೆಸ್ಟ್ ಕೊಟ್ರೆ ಅವರು 63%, ಸಾಲಾಗಿ ಮಾಡಿದವರು 20%. ಚೀಟಿ ಡಬ್ಬಿ ಶುರುವಾದ ಮೊದಲ ಭಾನುವಾರ ಮಗಳೂ ತುಂಬ ತಪ್ಪಿದ್ಲು, ಬೇಜಾರಾಗಿ ಎದ್ದೂ ಹೋದ್ಲು.

ಮೊನ್ನೆ ಅವಳ ಕೈಗೆ ಬಂದ ಚೀಟಿ 53ಯಾ + 47ಕಾ = 147, 47ಯಾ + 53ಕಾ = 153. ಸ್ವಲ್ಪ ಹೊತ್ತು ನೋಡಿ, ಪೆನ್ನು ಎತ್ತದೇನೇ, "ಇದು ಅದಲು ಬದಲು, ಮೊದಲು ಕೂಡ್ತೀನಿ, ನೂರು ಬರತ್ತೆ, ಆಮೇಲೆ ಚಿಹ್ನೆ ಬದಲಾಯಿಸ್ಕೊಂಡು ಇನ್ನೊಂದು ಸಲ ಕೂಡ್ತೀನಿ" ಅಂದು ಚೀಟಿ ಪಕ್ಕಕ್ಕಿಟ್ಟು ಮುಂದಿಂದಕ್ಕೆ ಕೈ ಹಾಕಿದ್ಲು.